ಅತ್ತೆಗೆ ಒಪ್ಪಿಸಿದ ಗಣಿತ

ಓದುವುದಕ್ಕೂ ಓದಿದಂತೆ ಕಾಣುವುದಕ್ಕೂ ಬಹಳ ವ್ಯತ್ಯಾಸವಿದೆ ಎಂಬುದು ನನಗೆ ತಿಳಿಯುವ ಹೊತ್ತಿಗೆ ನಾನು ಎರಡು ಮಕ್ಕಳ ತಾಯಿಯಾಗಿದ್ದೆ. ಓದಿದಂತೆ ಕಾಣುವುದರಲ್ಲಿ ನಾನು ಹೈಸ್ಕೂಲಿನಲ್ಲೇ ಹೆಸರು ಮಾಡಿದವಳು. ಮೊದಲು ಪುಸ್ತಕಗಳಿಗೆ ಕಾಗದದ ಹೊದಿಕೆ ಹಾಕಬೇಕು. ಮುಖ್ಯವಾದ ಸಾಲುಗಳ ಕೆಳಗೆ ಕೆಂಪು ಗೆರೆ ಎಳೆಯಬೇಕು. ಮುಖ್ಯವಲ್ಲದ ಸಾಲುಗಳು ಬೇಜಾರು ಮಾಡಿಕೊಳ್ಳಬಾರದೆಂದು ಅವುಗಳ ಕೆಳಗೆ ನೀಲಿ ಗೆರೆ ಎಳೆಯಬೇಕು. ಇಷ್ಟಾಗುವಷ್ಟರಲ್ಲಿ ಸಂಜೆಯಾಗಿರುತ್ತಿತ್ತು, ಇವತ್ತು ಬಹಳ ಓದಿದೆನೆಂಬ ತೃಪ್ತಿಯಲ್ಲಿ ಎರಡು ರೊಟ್ಟಿ ಹೆಚ್ಚಿಗೆ ತಿನ್ನುತ್ತಿದ್ದೆ. ಹೀಗೆ ಓದಿ ಓದಿ ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಮತ್ತು ಸಮಾಜ ಎರಡರಲ್ಲೂ ಬಿದ್ದೆ. ಮತ್ತೆ ಕಟ್ಟಿದೆ, ಮತ್ತೆ ಬಿದ್ದೆ. ಮೂರನೆಯ ಸಲ ಕಟ್ಟುವುದರೊಳಗೆ ಮದುವೆಯಾಯಿತು. ಮಗಳು ಮೊದಲನೆಯ ಸಲಕ್ಕೇ ಪಾಸಾದದ್ದು ಅದೊಂದೇ ಎಂದು ನಮ್ಮಪ್ಪ ಬೀಗರ ಎದುರಿಗೇ ಹೇಳಿ ನಕ್ಕಿದ್ದರು.

ಮದುವೆಯಾಗಿ ಶಲವಡಿಗೆ ಬಂದೆ. ನಮ್ಮವರು ಅಲ್ಲಿಯೇ ಪ್ರಾಥಮಿಕ ಶಾಲೆಯ ಮಾಸ್ತರರು. ಮನೆಯಲ್ಲಿ ಅತ್ತೆ, ನಾವಿಬ್ಬರು, ಆಮೇಲೆ ಎರಡು ಮಕ್ಕಳು. ಒಂಬತ್ತು ವರ್ಷ ಊರೆಲ್ಲ ನನ್ನನ್ನು ‘ಮಾಸ್ತರ ಹೇಣ್ತಿ’ ಎಂದೇ ಕರೆಯಿತು. ಗಿರಿಜಾ ಎಂಬ ನನ್ನ ಹೆಸರು ನನಗೇ ಮರೆಯುವ ಹಾಗೆ ಆಗಿತ್ತು. ಎಪ್ಪತ್ತರ ದಶಕದ ಒಂದು ವರ್ಷ ಊರಿಗೆ ಬಾಲವಾಡಿ ಮಂಜೂರಾಯಿತು. ಶಿಕ್ಷಕಿ ಊರಿನವಳೇ ಆಗಿರಬೇಕು, ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು. ಬರುವ ಜೂನಿನೊಳಗೆ ಅಂಥವಳು ಸಿಗದಿದ್ದರೆ ಬೇರೆ ಊರಿನವಳನ್ನು ಕಳಿಸುತ್ತೇವೆ ಎಂದು ಮೇಲಿನವರು ಹೇಳಿ ಹೋದರು. ಈ ಸುದ್ದಿ ಕೇಳಿದ ದಿನ ನಾನು ಪಲ್ಯಕ್ಕೆ ಎರಡು ಸಲ ಉಪ್ಪು ಹಾಕಿದೆ. ಆ ಕೆಲಸ ನನಗೆ ಬೇಕೇ ಬೇಕಾಗಿತ್ತು. ಮೂವತ್ತು ಮಕ್ಕಳು ನನ್ನನ್ನು ‘ಅಕ್ಕೋರ’ ಎಂದು ಕರೆಯುವುದನ್ನು ನೆನೆಸಿಕೊಂಡರೆ ಒಲೆಯ ಮುಂದೆ ಕೂತವಳಿಗೆ ಕುಣಿಯುವ ಹಾಗಾಗುತ್ತಿತ್ತು.

ನಮ್ಮವರಿಗೆ ನನಗಿಂತ ಹೆಚ್ಚು ಹುರುಪು ಬಂತು. ಓದಿಸುವುದು ಹೇಗೆಂದು ಟ್ರೇನಿಂಗ್ ಕಾಲೇಜಿನಲ್ಲಿ ಕಲಿತು ಬಂದಿದ್ದನ್ನು ಪೂರ್ತಿಯಾಗಿ ಪ್ರಯೋಗಿಸಲು ಅವರಿಗೆ ಅದುವರೆಗೆ ಯಾರೂ ಸಿಕ್ಕಿರಲಿಲ್ಲ. ಒಂದು ದೊಡ್ಡ ಡ್ರಾಯಿಂಗ್ ಹಾಳೆಯ ಮೇಲೆ ವೇಳಾಪಟ್ಟಿ ಬರೆದು ದೇವರ ಕೋಣೆಯ ಬಾಗಿಲಿಗೆ ಹಚ್ಚಿದರು. ಅದರ ಪ್ರಕಾರ ನಾನು ಕೋಳಿ ಕೂಗುವ ಹೊತ್ತಿಗೆ ಎದ್ದು ಬೀಜಗಣಿತ ಮಾಡಬೇಕು, ದನದ ಕಸ ತೆಗೆದು ಬಂದು ಭೂಗೋಳ ಓದಬೇಕು, ರೊಟ್ಟಿ ಬಡಿಯುತ್ತ ಸೂತ್ರಗಳನ್ನು ಬಾಯಿಪಾಠ ಮಾಡಬೇಕು. ಆ ಕೊನೆಯದಕ್ಕೆ ಅನುಕೂಲವಾಗಲೆಂದು ಅಡುಗೆಮನೆಯ ತುಂಬ ಚೀಟಿ ಅಂಟಿಸಿದರು. ಎ ಪ್ಲಸ್ ಬಿ ವರ್ಗದ ಸೂತ್ರ ಹಿಟ್ಟಿನ ಡಬ್ಬಿಯ ಮೇಲೆ, ವೃತ್ತದ ಕ್ಷೇತ್ರಫಲ ರೊಟ್ಟಿಯ ಬುಟ್ಟಿಯ ಮೇಲೆ. ಹದಿನೈದು ದಿನ ಕಳೆದ ಮೇಲೆ ಪರೀಕ್ಷಿಸಲೆಂದು ನನ್ನನ್ನು ಪಡಸಾಲೆಗೆ ಕರೆದು ಎ ಪ್ಲಸ್ ಬಿ ವರ್ಗ ಎಷ್ಟೆಂದು ಕೇಳಿದರು. ನನಗೆ ಹಿಟ್ಟಿನ ಡಬ್ಬಿ ಕಣ್ಣಿಗೆ ಕಟ್ಟಿತು, ಅದರ ಮುಚ್ಚಳದ ನೆಗ್ಗು ಕೂಡ ಕಂಡಿತು, ಸೂತ್ರ ಮಾತ್ರ ಕಾಣಲಿಲ್ಲ. ಒಳಗೆ ಹೋಗಿ ನೋಡಿ ಬಂದು ಹೇಳಲೇ ಎಂದೆ. ಅವರು ಸೈಕಲ್ ಹತ್ತಿ ಶಾಲೆಗೆ ಹೋದರು.

ಜೋರಾಗಿ ಓದಿದರೆ ತಲೆಗೆ ಹತ್ತುತ್ತದೆ ಎಂದು ಆಮೇಲೆ ಹೇಳಿದರು. ಅದನ್ನೂ ಮಾಡಿದೆ. ಮಧ್ಯಾಹ್ನ ಮಕ್ಕಳು, ಮಾಸ್ತರರು ಎಲ್ಲರೂ ಶಾಲೆಯಲ್ಲಿರುವಾಗ ಪಡಸಾಲೆಯಲ್ಲಿ ಕೂತು ಲೋಕಸಭೆ, ರಾಜ್ಯಸಭೆಗಳ ರಚನೆಯನ್ನು ರಾಗವಾಗಿ ಓದತೊಡಗಿದೆ. ಎದುರಿಗೆ ಅತ್ತೆ ಮೊರದಲ್ಲಿ ಜೋಳ ಹಸನ ಮಾಡುತ್ತ, ಹರಳು ಆರಿಸುತ್ತ ಕೂತಿದ್ದರು. ನಮ್ಮ ಅತ್ತೆ ಶಾಲೆಯ ಕಟ್ಟೆ ಹತ್ತಿದವರಲ್ಲ. ನಾನು ಓದುವ ಧಾಟಿಗೆ ಅವರಿಗೆ ಪುರಾಣ ಕೇಳಿದ ಹಾಗಾಗಿ, ರಾಷ್ಟ್ರಪತಿಗಳ ಅಧಿಕಾರಗಳು ಮುಗಿದ ಕೂಡಲೇ ಕೈ ಮುಗಿದರು. ಆಮೇಲೆ ಸಹಜವಾಗಿ ಒಂದು ಮಾತು ಕೇಳಿದರು.

“ಇಷ್ಟೊತ್ತು ಓದಿದೆಲ್ಲವ್ವಾ, ಏನ್ ಓದಿದಿ?”

ನಾನು ಬಾಯಿ ತೆರೆದೆ. ಮೆಲ್ಲಗೆ ಪುಸ್ತಕದ ಕಡೆ ಕಣ್ಣು ಹಾಯಿಸಿದೆ.

“ಪುಸ್ತಕ ಮುಚ್ಚಿ ಹೇಳು,” ಎಂದರು ಅತ್ತೆ. “ಅದರಾಗ ಇರೂದು ಅದಕ್ಕ ಗೊತ್ತೈತಿ. ನಿನಗೇನ್ ಗೊತ್ತೈತಿ ಅದನ್ನ ಹೇಳು.”

ಅವರು ಬೈದದ್ದಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕೆಂದೇ ಕೇಳಿದ್ದರು. ನನಗೆ ಮಾತ್ರ ಕಿವಿ ಬಿಸಿಯಾಯಿತು. ಹತ್ತು ವರ್ಷದಿಂದ ಮೂರು ಸಲ ಓದಿದ ಪಾಠದಲ್ಲಿ ನನಗೆ ಗೊತ್ತಿದ್ದದ್ದು ಅದು ಎಷ್ಟನೆಯ ಪುಟದಲ್ಲಿದೆ ಎಂಬುದು ಮಾತ್ರ. ಎದ್ದು ಒಳಗೆ ಹೋಗಿ ಅದೇ ಪಾಠವನ್ನು ಗೆರೆ ಎಳೆಯದೆ, ರಾಗ ತೆಗೆಯದೆ, ಅತ್ತೆ ಏನೇನು ಕೇಳಬಹುದೆಂಬ ಹೆದರಿಕೆಯಿಂದ ಓದಿದೆ. ಅರ್ಧ ತಾಸಿನ ಮೇಲೆ ಬಂದು ಪುಸ್ತಕ ಮುಚ್ಚಿಟ್ಟು ಹೇಳಿದೆ. ಅಲ್ಲಲ್ಲಿ ತಡವರಿಸಿದೆ, ಆದರೆ ಹೇಳಿದೆ! ಹೇಳಿ ಮುಗಿಸಿದಾಗ ಮೈಯಲ್ಲಿ ಜ್ವರ ಬಿಟ್ಟಂಥ ಹಗುರ. ಅತ್ತೆ ಎಲ್ಲ ಕೇಳಿ, ಎರಡು ಸಭೆ ಯಾಕೆ ಬೇಕು, ಒಂದರಲ್ಲಿ ಜಗಳ ಸಾಲದೇನು ಎಂದು ಕೇಳಿದರು. ಅದಕ್ಕೆ ಉತ್ತರ ಹುಡುಕಲು ಮತ್ತೆ ಪುಸ್ತಕ ತೆಗೆಯಬೇಕಾಯಿತು.

ಅಂದಿನಿಂದ ದಿನವೂ ಮಧ್ಯಾಹ್ನ ಇದೇ ನಡೆಯಿತು. ಮುಂಗಾರು ಮಾರುತಗಳ ಪಾಠ ಬಂದ ದಿನ ನನಗೆ ಇನ್ನೂ ಕಣ್ಣ ಮುಂದಿದೆ. ಸಮುದ್ರದಿಂದ ಬರುವ ಮೋಡಗಳು ಘಟ್ಟಕ್ಕೆ ತಾಗಿ ಅಲ್ಲಿಯೇ ಹೆಚ್ಚು ಮಳೆ ಸುರಿಸುತ್ತವೆ, ಘಟ್ಟ ದಾಟಿ ನಮ್ಮ ಕಡೆ ಬರುವಾಗ ಅವುಗಳಲ್ಲಿ ನೀರು ಕಡಿಮೆಯಾಗಿರುತ್ತದೆ ಎಂದು ವಿವರಿಸಿದೆ. ಅತ್ತೆ ಮೊರವನ್ನು ಕೆಳಗಿಟ್ಟರು. ಅವರ ಅಕ್ಕನನ್ನು ಘಟ್ಟದ ಕಡೆಯ ಅಳ್ನಾವರಕ್ಕೆ ಕೊಟ್ಟಿತ್ತು. ಆ ಅಕ್ಕ ಬಂದಾಗಲೆಲ್ಲ ತಮ್ಮೂರಿನ ಮಳೆಯ ಬಗ್ಗೆ ಜಂಬ ಕೊಚ್ಚಿಕೊಳ್ಳುತ್ತಿದ್ದಳಂತೆ.

“ಹಂಗಾರ ಮೋಡ ನಮ್ಮಕ್ಕನ ಮನಿಗೆ ಎಲ್ಲಾ ಕೊಟ್ಟು, ನಮ್ಮನಿಗೆ ಬರಿಗೈಲೆ ಬರ್ತಾವು?”

ಹೌದ್ರಿ ಎಂದೆ. ಅತ್ತೆ ಅಂದು ಸಂಜೆ ಕೆರೆಗೆ ನೀರಿಗೆ ಹೋದಾಗ ಈ ಅನ್ಯಾಯವನ್ನು ಎಲ್ಲರಿಗೂ ತಿಳಿಸಿಬಂದರು. ಮರುದಿನ ಮಧ್ಯಾಹ್ನ ನಮ್ಮ ಪಡಸಾಲೆಯಲ್ಲಿ ಮೂವರು ಹೆಂಗಸರು ಹೆಚ್ಚಿಗೆ ಬಂದು ಕೂತಿದ್ದರು. ಮೋಡದ ಸುದ್ದಿ ಮೊದಲಿನಿಂದ ಆಗಲಿ ಎಂದರು. ಎರಡನೆಯ ಸಲ ಹೇಳುವಾಗ ನಾನು ತಡವರಿಸಲಿಲ್ಲ. ನೆಲದ ಮೇಲೆ ಜೋಳ ಸುರಿದು ಘಟ್ಟ ಮಾಡಿ, ಗಾಳಿಯನ್ನು ಕೈಯಿಂದ ಬೀಸಿ ತೋರಿಸಿದೆ. ಭೂಗೋಳ ಇಷ್ಟು ಮಜಾ ಇರುತ್ತದೆಂದು ನನಗೆ ಯಾರೂ ಹೇಳಿರಲಿಲ್ಲ.

ಬೀಜಗಣಿತವೆಂದರೆ ಮಾತ್ರ ಹೆದರಿಕೆ. ಎಕ್ಸ್ ಬಂದರೆ ಸಾಕು, ನನ್ನ ಬುದ್ಧಿ ಬಾಗಿಲು ಹಾಕಿಕೊಳ್ಳುತ್ತಿತ್ತು. ಇದೇ ಮಾತನ್ನು ಅತ್ತೆಯ ಮುಂದೆ ಹೇಳಿದೆ. ಎಕ್ಸ್ ಅಂದರೆ ಯಾರು ಎಂದು ಅವರು ಕೇಳಿದರು. ಯಾರೆಂದು ಗೊತ್ತಿಲ್ಲ, ನಾವೇ ಹುಡುಕಬೇಕು ಎಂದೆ. ಗೊತ್ತಿಲ್ಲದವನಿಗೆ ಮೊದಲೇ ಹೆಸರು ಯಾಕೆ ಇಟ್ಟರು ಎಂದರು. ನನಗೂ ಇದೇ ಅನುಮಾನ ಎಂಟನೆಯ ಇಯತ್ತೆಯಿಂದ ಇತ್ತು. ಕೇಳಿದರೆ ಬೈದಾರೆಂದು ಕೇಳಿರಲಿಲ್ಲ. ಅತ್ತೆ ಜೋಳದ ಮೇಲೆ ಬೆರಳಾಡಿಸುತ್ತ ಕೇಳಿದರು.

“ಬಸರಿದ್ದಾಗ ಗಂಡೋ ಹೆಣ್ಣೋ ಗೊತ್ತಿರಂಗಿಲ್ಲ. ಆದ್ರೂ ಕೂಸು ಅಂತ ಕರೀತೀವಿ, ಕುಲಾಯಿ ಹೊಲಿತೀವಿ. ಹಂಗೇನವ್ವಾ ಇದೂನು?”

ನಾನು ಎದ್ದು ನಿಂತೆ. ಹಂಗೇ ಇತ್ತು! ಹುಟ್ಟುವವರೆಗೆ ಕೂಸು, ಹುಟ್ಟಿದ ಮೇಲೆ ಅದರ ಹೆಸರು. ಉತ್ತರ ಸಿಗುವವರೆಗೆ ಎಕ್ಸ್. ಆ ಮಧ್ಯಾಹ್ನ ಒಂದೇ ಸಲ ಕೂತು ಹನ್ನೊಂದು ಲೆಕ್ಕ ಬಿಡಿಸಿದೆ. ಪ್ರತಿಯೊಂದು ಮುಗಿದಾಗಲೂ ಅತ್ತೆ ಏನು ಹುಟ್ಟಿತೆಂದು ಕೇಳುತ್ತಿದ್ದರು. ನಾನು ನಾಲ್ಕು, ಏಳು, ಹನ್ನೆರಡು ಎಂದು ಒಳ್ಳೆಯ ಸೂಲಗಿತ್ತಿಯ ಹಾಗೆ ಹೇಳುತ್ತಿದ್ದೆ. ಒಮ್ಮೆ ಸೊನ್ನೆಗಿಂತ ಸಣ್ಣದು ಹುಟ್ಟಿದಾಗ ಮಾತ್ರ ಅವರು ಗಾಬರಿಯಾದರು.

ಲಂಬಕೋನ ತ್ರಿಕೋನದ ಪ್ರಮೇಯಕ್ಕೆ ಪಡಸಾಲೆ ಸಾಲದೆ ಅಂಗಳಕ್ಕೆ ಇಳಿದೆವು. ಮೂರು, ನಾಲ್ಕು, ಐದು ಎಂದು ನಾನು ಹೇಳುತ್ತಿದ್ದಂತೆ ಅತ್ತೆಗೆ ತಮ್ಮ ಮನೆ ಕಟ್ಟಿದ ಗೌಂಡಿ ನೆನಪಾದ. ಮೂಲೆ ನೆಟ್ಟಗಿದೆಯೋ ಇಲ್ಲವೋ ಎಂದು ನೋಡಲು ಅವನು ಒಂದು ಕಡೆ ಮೂರು ಮೊಳ, ಇನ್ನೊಂದು ಕಡೆ ನಾಲ್ಕು ಮೊಳ ಅಳೆದು, ಅಡ್ಡ ಹಗ್ಗ ಐದು ಮೊಳಕ್ಕೆ ಸರಿಯಾಗಿ ಕೂತರೆ ಮಾತ್ರ ಕಲ್ಲು ಇಡುತ್ತಿದ್ದನಂತೆ. ಪುಸ್ತಕದಲ್ಲಿ ಇದ್ದದ್ದು ಅದೇ! ಎತ್ತಿನ ಹಗ್ಗ ತಂದು ಗೋಡೆಯ ಮೂಲೆಗೆ ಹಿಡಿದೆವು. ನಮ್ಮವರು ಶಾಲೆ ಬಿಟ್ಟು ಬಂದಾಗ ಒಂದು ತುದಿ ಅವ್ವನ ಕೈಯಲ್ಲಿ, ಇನ್ನೊಂದು ತುದಿ ಹೆಂಡತಿಯ ಕೈಯಲ್ಲಿ ಇತ್ತು. ಚಹಾ ಒಲೆಯ ಮೇಲೂ ಇರಲಿಲ್ಲ. ಅತ್ತೆಯ ಮೊಳಕ್ಕೂ ನನ್ನ ಮೊಳಕ್ಕೂ ಹೆಚ್ಚುಕಡಿಮೆಯಾಗಿ ಮೂಲೆ ಕೂಡಿರಲಿಲ್ಲವಾದ್ದರಿಂದ ನಮ್ಮ ಜಗಳವೂ ನಡೆದಿತ್ತು.

ಅವರಿಗೆ ಬೇಸರವಾದದ್ದು ಚಹಾ ಇಲ್ಲದ್ದಕ್ಕಲ್ಲ. ದೇವರ ಕೋಣೆಯ ಬಾಗಿಲಿನ ವೇಳಾಪಟ್ಟಿಯನ್ನು ಯಾರೂ ನೋಡುತ್ತಿಲ್ಲ ಎಂಬುದು ಅವರಿಗೆ ಗೊತ್ತಾಗಿತ್ತು. ಓದು ಬರಹ ಬರದ ಅವ್ವ ಹೆಂಗ ಕಲಸ್ತಾಳ ಎಂದು ಕೇಳಿಯೇ ಬಿಟ್ಟರು.

“ನಾ ಎಲ್ಲಿ ಕಲಸ್ತೇನೋ?” ಎಂದರು ಅತ್ತೆ, ಹಗ್ಗ ಸುತ್ತುತ್ತ. “ನಾ ಕೇಳ್ತೇನಿ. ಕಲಸಾಕಿ ಆಕಿ.”

ಟ್ರೇನಿಂಗ್ ಕಾಲೇಜಿನಲ್ಲಿ ಇದನ್ನು ಹೇಳಿಕೊಟ್ಟಿರಲಿಲ್ಲವೆಂದು ಕಾಣುತ್ತದೆ. ನಮ್ಮವರು ತಾವೇ ಒಳಗೆ ಹೋಗಿ ಚಹಾ ಇಟ್ಟರು. ಹಿಟ್ಟಿನ ಡಬ್ಬಿಯ ಮೇಲಿನ ಚೀಟಿಯನ್ನೂ ಅವತ್ತೇ ಕಿತ್ತರು.

ಅತ್ತೆಯ ಇನ್ನೊಂದು ಗುಣ ಎಂದರೆ ಅವರು ಏನನ್ನೂ ಮರೆಯುತ್ತಿರಲಿಲ್ಲ. ಬರೆದಿಟ್ಟುಕೊಳ್ಳುವ ಸೌಕರ್ಯ ಇಲ್ಲದವರಿಗೆ ಮರೆಯುವ ಸೌಕರ್ಯವೂ ಇರುವುದಿಲ್ಲವೋ ಏನೋ. ಎಂಟು ದಿನದ ಹಿಂದಿನ ಪಾಠವನ್ನು ನಾನು ಬಟ್ಟೆ ಒಗೆಯುವಾಗ, ಎಮ್ಮೆಗೆ ನೀರು ಕುಡಿಸುವಾಗ ತಟ್ಟನೆ ಕೇಳುತ್ತಿದ್ದರು. ಹೇಳಲಾಗದಿದ್ದರೆ ಬೈಯುತ್ತಿರಲಿಲ್ಲ, ನಾಳಿಗೆ ಹೇಳುವಿಯಂತೆ ಎನ್ನುತ್ತಿದ್ದರು. ಆ ನಾಳೆ ತಪ್ಪದೆ ಬರುತ್ತಿತ್ತು.

ಪರೀಕ್ಷೆ ಅಣ್ಣಿಗೇರಿಯಲ್ಲಿ. ಗಣಿತದ ದಿನ ಅತ್ತೆಯೂ ಬಸ್ಸಿನಲ್ಲಿ ಬಂದು ಶಾಲೆಯ ಹೊರಗಿನ ಬೇವಿನ ಮರದ ಕೆಳಗೆ ಕೂತರು. ಒಳಗೆ ನನ್ನ ಸುತ್ತ ಎಲ್ಲ ಮೀಸೆ ಚಿಗುರುವ ವಯಸ್ಸಿನವರು. ನನ್ನನ್ನು ಮೇಲ್ವಿಚಾರಕಿಯೆಂದು ತಿಳಿದು ಒಬ್ಬ ಎದ್ದು ನಿಂತ. ಪ್ರಶ್ನೆಪತ್ರಿಕೆ ಕೈಗೆ ಬಂತು. ನಾಲ್ಕನೆಯ ಪ್ರಶ್ನೆಗೆ ಬಂದಾಗ ಎಲ್ಲ ಕತ್ತಲಾಯಿತು. ಮೊದಲಾಗಿದ್ದರೆ ಹಾಳೆಗೆ ಗೆರೆ ಹೊಡೆಯುತ್ತ ಕೂತುಬಿಡುತ್ತಿದ್ದೆ. ಈಗ ಕಣ್ಣು ಮುಚ್ಚಿ, ಎದುರಿಗೆ ಅತ್ತೆಯನ್ನು ಕೂಡಿಸಿಕೊಂಡು, ಮೊದಲು ಇದು ಹಿಂಗ ಐತ್ರಿ ಅತ್ತಿ ಎಂದು ಶುರುಮಾಡಿದೆ. ಒಂದೊಂದೇ ಮೆಟ್ಟಿಲು ಬಂತು. ಬಾಯಿ ಅಲ್ಲಾಡುತ್ತಿದ್ದುದು ಗೊತ್ತಾದದ್ದು ನಿಜವಾದ ಮೇಲ್ವಿಚಾರಕರು ಬಂದು, ಮನಸಿನ್ಯಾಗ ಮಾತಾಡ್ರಿ ಎಂದಾಗ.

ಹೊರಗೆ ಬಂದ ಕೂಡಲೇ ಅತ್ತೆ ಒಂದೊಂದೇ ಪ್ರಶ್ನೆ ಕೇಳಿದರು. ಹೇಳುತ್ತ ಹೇಳುತ್ತ ಒಂದರಲ್ಲಿ ನಾನು ಕೂಡಿಸುವ ಬದಲು ಕಳೆದದ್ದು ನನಗೇ ತಿಳಿಯಿತು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅತ್ತೆ ಅದಕ್ಕಾಗಿ ನನಗಿಂತ ಹೆಚ್ಚು ಮರುಗಿದರು.

ಫಲಿತಾಂಶ ಬಂದ ದಿನ ನಮ್ಮವರು ಪೇಪರು ನೋಡಲು ಅಣ್ಣಿಗೇರಿಗೆ ಹೋಗಿದ್ದರು. ವಾಪಸು ಬರುವಾಗ ಊರಬಾಗಿಲ ಅಗಸಿಯಿಂದಲೇ ಸೈಕಲ್ಲಿನ ಗಂಟೆ ಬಾರಿಸುತ್ತ ಬಂದರು. ದಾರಿಯಲ್ಲಿ ಕೋಳಿ, ಆಡು, ಹಿರಿಯರು ಎಲ್ಲರೂ ಬದಿಗೆ ಸರಿದರಂತೆ. ಸೈಕಲ್ಲನ್ನು ಗೋಡೆಗೆ ಒರಗಿಸದೆ ಹಾಗೇ ಬಿಟ್ಟು ನನ್ನನ್ನು ದಾಟಿ ಒಳಗೆ ಹೋಗಿ ಮೊದಲು ಅವ್ವನಿಗೆ ಹೇಳಿದರು. ಅತ್ತೆ ನನ್ನ ಬಾಯಿಗೆ ಒಂದು ದೊಡ್ಡ ಬೆಲ್ಲದ ಹೆಂಟೆ ಇಟ್ಟರು. ಎಷ್ಟು ದೊಡ್ಡದೆಂದರೆ ನನಗೆ ಅಳಲೂ ಆಗಲಿಲ್ಲ. ಕೆಲವು ದಿನದ ಮೇಲೆ ಅಂಕಪಟ್ಟಿ ಬಂತು. ಗಣಿತಕ್ಕೆ ನೂರಕ್ಕೆ ನಲವತ್ತೊಂದು. ನಾನು ಹಿಗ್ಗಿ ಓದಿ ಹೇಳಿದೆ.

“ಉಳಿದವು ಎಲ್ಲಿ ಹೋದೂವವ್ವಾ?” ಎಂದರು ಅತ್ತೆ.

ಜೂನಿನಲ್ಲಿ ಬಾಲವಾಡಿ ಶುರುವಾಯಿತು. ಮೂವತ್ತು ಮಕ್ಕಳಲ್ಲಿ ಹನ್ನೆರಡು ಅಳುತ್ತಿದ್ದವು. ಒಂದೆರಡು ದಿನ ಜೊತೆಗೆ ಇರುತ್ತೇನೆಂದು ಅತ್ತೆ ಬಂದರು. ಆ ಒಂದೆರಡು ದಿನ ತಿಂಗಳಾಯಿತು. ಅವರು ನಡುವೆ ಕೂತು ಮಕ್ಕಳಿಗೆ ಏನಾದರೂ ಕೇಳುತ್ತಿದ್ದರು. ಎಮ್ಮೆಗೆ ಎಷ್ಟು ಕಾಲು, ಕಾಗೆ ಯಾಕೆ ಕರ್ರಗೆ, ಮಳೆ ಎಲ್ಲಿಂದ ಬರುತ್ತದೆ. ಮಕ್ಕಳು ಅಳು ಮರೆತು ಒಬ್ಬರ ಮೇಲೊಬ್ಬರು ಬಿದ್ದು ಉತ್ತರ ಹೇಳುತ್ತಿದ್ದವು. ನಾನು ಮೂಲೆಯಲ್ಲಿ ಉಪ್ಪಿಟ್ಟು ತಿರುವುತ್ತ, ತಪ್ಪು ಉತ್ತರಗಳನ್ನು ಅಲ್ಲಿಂದಲೇ ಕೂಗಿ ತಿದ್ದುತ್ತಿದ್ದೆ. ಅಂಥ ಹೊತ್ತಿನಲ್ಲಿಯೇ ಒಂದು ದಿನ ಮೇಲಧಿಕಾರಿಯೊಬ್ಬರು ತಪಾಸಣೆಗೆ ಬಂದರು. ಬಾಗಿಲಲ್ಲಿ ನಿಂತು ಬಹಳ ಹೊತ್ತು ನೋಡಿದರು, ಅತ್ತೆಗೆ ನಮಸ್ಕಾರ ಮಾಡಿದರು, ಅಭಿಪ್ರಾಯ ಬರೆಯುವ ಶೇರಾ ಪುಸ್ತಕದಲ್ಲಿ ಎರಡು ಸಾಲು ಬರೆದು, ಬಸ್ಸಿಗೆ ಹೊತ್ತಾಯಿತೆಂದು ಹೊರಟುಹೋದರು. ನಾನು ಕೈ ಒರೆಸಿಕೊಂಡು ಓಡಿಬಂದು ಓದಿದೆ. “ಶಿಕ್ಷಕಿ ಹಿರಿಯರಾದರೂ ಮಕ್ಕಳಿಗೆ ಅತ್ಯುತ್ತಮವಾಗಿ ಕಲಿಸುತ್ತಾರೆ. ಅಡುಗೆಯ ಸಹಾಯಕಿ ಮಾತು ಕಡಿಮೆ ಮಾಡತಕ್ಕದ್ದು.”

ಬಸ್ಸು ಇನ್ನೂ ಹೊರಟಿರಲಿಲ್ಲ. ಓಡಿಹೋಗಿ ಶಿಕ್ಷಕಿ ನಾನು ಎಂದು ಹೇಳಬಹುದಾಗಿತ್ತು. ಹೇಳಲಿಲ್ಲ. ಮಾತು ಕಡಿಮೆ ಮಾಡತಕ್ಕದ್ದೆಂದು ಆಗಲೇ ಬರವಣಿಗೆಯಲ್ಲಿ ಬಂದುಬಿಟ್ಟಿತ್ತು.