ಕೆನ್ನೆಯ ಮೇಲಿನ ಆರು ಚುಕ್ಕೆ

ವಿಜಯನಗರದ ನಮ್ಮ ಮನೆಯಲ್ಲಿ ಕಳೆದ ಸೋಮವಾರ ಆರು ಬಿಳಿ ಚುಕ್ಕೆಗಳು ಪತ್ತೆಯಾಗಿವೆ. ಪ್ರಾಣಹಾನಿ ಇಲ್ಲ. ಬಚ್ಚಲುಮನೆಯನ್ನು ಕತ್ತಲೆ ಮಾಡಿಕೊಂಡು ಫೋಟೋ ಪ್ರಿಂಟ್ ಮಾಡುವವನ ಮನೆಯಲ್ಲಿ ಇಂಥದ್ದು ಆಗುತ್ತಲೇ ಇರುತ್ತದೆ. ಈ ಸಲ ಚುಕ್ಕೆಗಳಿದ್ದದ್ದು ನನ್ನ ಹೆಂಡತಿಯ ಕೆನ್ನೆಯ ಮೇಲೆ. ಅವಳು ಹೋಗಿ ಎರಡು ವರ್ಷ. ಅವಳು ನಗುತ್ತಿರುವ ನೆಗೆಟಿವ್ ಇರುವುದು ಇದೊಂದೇ. ಮಿಕ್ಕ ಎಲ್ಲದರಲ್ಲೂ "ಬೇಗ ತೆಗೀರಿ" ಅನ್ನುತ್ತಿದ್ದಾಳೆ.

ಬೋರ್‌ವೆಲ್

ಅಪರಾಧಿ ನಮ್ಮ ಬೋರ್‌ವೆಲ್. ಆ ನೆಗೆಟಿವನ್ನು ಅವಳಿದ್ದಾಗ ತೊಳೆದದ್ದು ಅದರ ಗಡಸು ನೀರಿನಲ್ಲಿ. ಒಣಗಿದಾಗ ಸುಣ್ಣದ ಕಲೆ ಉಳಿದಿತ್ತು. ಕಲೆ ಇದ್ದ ಕಡೆ ಬೆಳಕು ದಾಟದೆ, ಪ್ರಿಂಟಿನಲ್ಲಿ ಬಿಳಿ ಚುಕ್ಕೆ ಬಂತು. ಅವಳು ಆಗಲೇ ಹೇಳಿದ್ದಳು: "ಈ ನೀರಲ್ಲಿ ಬೇಳೇನೇ ಬೇಯಲ್ಲ, ನಿಮ್ಮ ಫೋಟೋ ಏನ್ ಬರತ್ತೆ?" ನಾನು ರಸಾಯನಶಾಸ್ತ್ರ ವಿವರಿಸಿದೆ. ಅವಳು ಕಾವೇರಿ ನೀರಿನಲ್ಲಿ ಬೇಳೆ ಇಟ್ಟಳು. ಬೇಳೆ ಬೆಂದಿತು.

ಕಾವೇರಿ

ಕಾವೇರಿ ಬರುವುದು ದಿನ ಬಿಟ್ಟು ದಿನ, ಬೆಳಗ್ಗೆ. ತುಂಬಿಸುವ ಡ್ರಮ್ ಇರುವುದು ಬಚ್ಚಲಲ್ಲೇ. ನಾನು ಒಳಗಿದ್ದರೆ "ನೀರು ಬಂತು, ಬಾಗಿಲು ತೆಗೀರಿ" ಎಂದು ಬಡಿಯುತ್ತಿದ್ದಳು. ಬೆಳಕು ಬಿದ್ದು ಹಾಳಾದ ಪೇಪರಿಗೆ ಲೆಕ್ಕವಿಲ್ಲ. ಮಂಗಳವಾರ ನಾನು ಒಳಗೇ ಇದ್ದೆ. ಯಾರೂ ಬಡಿಯಲಿಲ್ಲ. ನೀರು ಬಂದು ಹೋಯಿತು. ಪೇಪರ್ ಒಂದೂ ಹಾಳಾಗಲಿಲ್ಲ.

ಬ್ಯಾಟರಿ ನೀರು

ಮಾರೇನಹಳ್ಳಿಯ ಬ್ಯಾಟರಿ ಅಂಗಡಿಯಲ್ಲಿ ಐದು ಲೀಟರ್ ಡಿಸ್ಟಿಲ್ಡ್ ವಾಟರ್ ಕೇಳಿದೆ.

"ಇನ್ವರ್ಟರ್‌ಗಾ, ಗಾಡಿಗಾ ಸಾರ್?"

"ಹೆಂಡತಿಗೆ."

ಅಂಗಡಿಯಾತ ಎತ್ತಿದ ಕ್ಯಾನನ್ನು ಕೆಳಗಿಟ್ಟ. "ಕುಡಿಯೋಕಲ್ಲ ತಾನೇ?"

"ಮುಖ ತೊಳೆಯೋಕೆ."

"ಮೇಡಂನ ಒಂದ್ ಮಾತು ಕೇಳ್ಬಿಡಿ ಸಾರ್."

ಕೇಳುವ ಹಾಗಿದ್ದರೆ ನಾನು ಅಲ್ಲಿಗೆ ಹೋಗುತ್ತಲೇ ಇರಲಿಲ್ಲ.

ಆರನೆಯದು

ಎರಡು ಹನಿ ವಿನೆಗರ್ ಬೆರೆಸಿದ ಆ ನೀರಿನಲ್ಲಿ ನೆಗೆಟಿವ್ ನೆನೆಸಿದೆ. ಐದು ಚುಕ್ಕೆ ಹೋದವು. ಕಿವಿಯ ಹತ್ತಿರದ್ದು ಹೋಗಲಿಲ್ಲ. ಇನ್ನೂ ಮೂರು ಸಲ ನೆನೆಸಿದೆ. ಜಗ್ಗಲಿಲ್ಲ. ಕೊನೆಗೆ ಪ್ರಿಂಟನ್ನು ಪಕ್ಕದ ಮನೆಯಾಕೆಗೆ ತೋರಿಸಿದೆ. ದಿನಾ ಬೆಳಗ್ಗೆ ಗೇಟಿನ ಬಳಿ ಅವಳ ಜೊತೆ ಹರಟುತ್ತಿದ್ದವರು.

"ಇದನ್ನ ಯಾಕ್ರೀ ತೆಗೀತೀರಾ? ರಂಗೋಲಿ ಪುಡಿ ಅದು. ಕೈ ನೋಡಿ."

ಪ್ರಿಂಟಿನ ಕೆಳಗಂಚಿನಲ್ಲಿ ಅವಳ ಬೆರಳುಗಳೂ ಬೆಳ್ಳಗಿದ್ದವು. ಒಂದು ವಾರದಿಂದ ನಾನು ಕೆನ್ನೆ ಬಿಟ್ಟು ಬೇರೇನೂ ನೋಡಿರಲಿಲ್ಲ.

"ಒರೆಸ್ಕೊಳ್ಳೇ ಅಂತ ನಾನು ದಿನಾ ಹೇಳ್ತಿದ್ದೆ, ಕೇಳ್ತಿರ್ಲಿಲ್ಲ," ಎಂದರು ಆಕೆ. "ಈಗ ನೀವು ತೊಳೆದ್ರೆ ಬಿಡ್ತಾಳಾ?"

ಐದು ಚುಕ್ಕೆ ಹೋಗಿವೆ. ಒಂದು ಇದೆ. ಫೋಟೋವನ್ನು ಹಾಲಿನ ಗೋಡೆಗೆ ಹಾಕಲಾಗಿದೆ.