ಆಕಾಶದಲ್ಲಿ ಉಳ್ಳಾಗಡ್ಡಿ

2010ರ ಡಿಸೆಂಬರಿನಲ್ಲಿ ಮಾನಪ್ಪ ಉಳ್ಳಾಗಡ್ಡಿಗೆ ಮಗಳ ಶಾಲೆಯಿಂದ ಒಂದು ಫೋನು ಬಂತು. ಎಲ್ಲ ಫಜೀತಿಗೂ ಅದೇ ಮೂಲ.

ಅವನು ಕೊಂಕಣಿ ಸೀಮೆಯ ಗಣಿ ಊರಾದ ಕುಡಚಡೆಯಲ್ಲಿ ಅದಿರಿನ ಲಾರಿ ಓಡಿಸುತ್ತಿದ್ದ. ಮಗಳು ನಂದಾ ಗಣಿಯ ಕೆಂಪು ನೀರನ್ನು ತೆಂಗಿನ ನಾರಿನಲ್ಲಿ ಸೋಸಿ ತೋರಿಸಿ ವಿಜ್ಞಾನ ಮೇಳದಲ್ಲಿ ಗೆದ್ದಿದ್ದಳು. ಆ ಗೆಲುವಿನ ಗೌರವಕ್ಕೆ, ಮಂಗಳ, ಗುರುಗಳ ನಡುವೆ ಸುತ್ತುವ ಒಂದು ಕಿರುಗ್ರಹವನ್ನು ಕಂಡುಹಿಡಿದವರು ಅದಕ್ಕೆ ಅವಳ ಅಡ್ಡಹೆಸರನ್ನೇ, ಅಂದರೆ ಮನೆತನದ ಹೆಸರನ್ನೇ, ಇಟ್ಟಿದ್ದರು. ಸಂಜೆ ಶಾಲೆಯಲ್ಲಿ ಸತ್ಕಾರ.

ಹದಿನೈದು ವರ್ಷದಿಂದ ಅವನು ಬಾಡಿಗೆಗಿದ್ದ ಚಾಳಿನ ಸಾಲುಮನೆಗಳವರೆಲ್ಲ ಈರುಳ್ಳಿ ಎಂಬರ್ಥದ ಅವನ ಅಡ್ಡಹೆಸರಿಗೆ ನಗುತ್ತಿದ್ದರು. ಇವತ್ತು ಅವರ ಬಾಯಿ ಮುಚ್ಚಿಸಬೇಕೆಂದು ಮಾನಪ್ಪ ಮನೆಮನೆಗೆ ಹೊರಟ.

"ಚಂದ್ರಿಬಾಯಿ, ಉಳ್ಳಾಗಡ್ಡಿ ಆಕಾಶಕ್ಕ ಹೋತ್ರಿ!"

"ಯವ್ವಾ! ಮೊದಲ ತುಟ್ಟಿ ಇತ್ತು, ಇನ್ನೂ ಏರಿತನು?"

ಪಕ್ಕದ ಮನೆಯ ಖೀರಪ್ಪ ಅವನ ಕಿವಿಗೆ ಬಾಯಿಟ್ಟ. "ಆಕಾಶದಾಗಿಂದಾದ್ರೂ ಕಲ್ಲಂದ್ರ ಅದರಾಗ ಅದಿರು ಇದ್ದs ಇರತೈತಿ. ಗುತ್ತಿಗಿ ನನಗ ಕೊಡಸಪಾ."

ಬರಲೊಲ್ಲೆ ಎಂದ ಚಾಳಿನ ಮಾಲೀಕ ಪೆಡ್ನೇಕರರನ್ನೂ ಬಿಡದೆ ಎಲ್ಲರನ್ನೂ ಲಾರಿಗೆ ಹತ್ತಿಸಿದ. ಶಾಲೆಯ ಮುಂದೆ ಇಳಿದಾಗ ಅದಿರಿನ ಧೂಳಿಗೆ ಅವರೆಲ್ಲ ಹೋಳಿ ಆಡಿ ಬಂದವರಂತೆ ಕೆಂಪಾಗಿದ್ದರು.

ಮುಖ್ಯೋಪಾಧ್ಯಾಯಿನಿ ಧ್ವನಿವರ್ಧಕದಲ್ಲಿ ಸಾರಿದರು: "ಗ್ರಹದ ಹೆಸರು ಪೆಡ್ನೇಕರ! ಆ ಮನೆತನದವರು ವೇದಿಕೆಗೆ ಬರಬೇಕು."

"ಮ್ಹಜೆಂ ನಾಂವ?" ಎಂದು ಕೊಂಕಣಿಯಲ್ಲಿ, ತಮ್ಮ ಹೆಸರೇ ಎಂದು ಬೆರಗಾಗಿ ಎದೆ ಮುಟ್ಟಿಕೊಂಡ ಪೆಡ್ನೇಕರರು ಎರಡು ಮೆಟ್ಟಿಲು ಒಂದು ಮಾಡಿ ಹತ್ತಿದರು. ಶಾಲು, ತೆಂಗಿನಕಾಯಿ ಅವರ ಪಾಲಾದವು.

ವೇದಿಕೆಯ ಅಂಚಿಗೆ ಬಂದು ನಂದಾ ಮೆಲ್ಲಗೆ ಹೇಳಿದಳು, "ಅಪ್ಪಾ, ಪ್ರಗತಿಪತ್ರದಾಗೂ ಅದ ಹೆಸರು ಐತಲ್ಲ? ಪ್ರತಿ ವರ್ಷ ನೀನ ಸಹಿ ಮಾಡತಿ."

"ಅಂಕಿ ನೋಡಿ ಮಾಡತೇನವಾ, ಇಂಗ್ಲಿಷ್ ಅಕ್ಷರ ಯಾಂವಗ ಬರತಾವು?" ಎಂದು ಮಾನಪ್ಪ ಹೆಂಡತಿಯತ್ತ ತಿರುಗಿದ. "ಸಾಲಿಗೆ ಹಚ್ಚಾಕ ನೀ ಹೋಗಿದ್ದಿ. ಏನಂತ ಬರಸಿದಿ?"

ಯಲ್ಲವ್ವ ತಲೆ ತಗ್ಗಿಸಿದಳು. "ಅಡ್ಡಹೆಸರು ಏನಂತ ಕ್ಲರ್ಕ್ ಕೇಳಿದ್ರಿ. ಗಂಡನ ಹೆಸರು ಬಾಯಿಲೆ ಹೆಂಗ ಹೇಳ್ಲಿ? ಇವರನ್ನ ಕೇಳ್ರಿ ಅಂತ ಜೋಡಿ ಬಂದಿದ್ದ ಮಾಲಕರ ಕಡೆ ಕೈ ಮಾಡಿದೆ. ಅಂವ ಅವರ ಹೆಸರ ಬರಕೊಂಡ."

"ಉಳ್ಳಾಗಡ್ಡಿ ಅಂದ್ರ ಕಾಯಿಪಲ್ಯೆ ಹೆಸರs!"

"ಬಜಾರದಾಗೂ ನಾ 'ಕಣ್ಣೀರ ಗಡ್ಡಿ ಕೊಡ್ರಿ' ಅಂತೇನ್ರಿ."

ಮಾನಪ್ಪ ಹಣೆ ಚಚ್ಚಿಕೊಂಡ. ಆದರೆ ಮೇಲೆ ಹಾರ ಹಾಕಿಕೊಂಡು ನಿಂತ ನಂದಾಳನ್ನು ನೋಡಿದ್ದೇ ಅವನ ಎದೆ ಮತ್ತೆ ಉಬ್ಬಿತು. ಹೆಸರು ಯಾರದಾದರೇನು, ಗೆದ್ದವಳು ತನ್ನ ಮಗಳಲ್ಲವೆ?

"ಆಕಿ ಯಾರ ಮಗಳಂತ ಎಲ್ಲಾರಿಗೂ ಕೇಳೂಹಂಗ ಒದರು!"

ಯಲ್ಲವ್ವ ಹೆಮ್ಮೆಯಿಂದ ಎದ್ದು ನಿಂತಳು. ಬಾಯಿ ತೆರೆದಳು, ನಾಚಿದಳು, ಸೆರಗು ಹಿಡಿದು ಕೂಗಿದಳು: "ನಮ್ಮ ಮನಿಯವರ ಮಗಳ್ರೀ!"

ಸಭೆಯೆಲ್ಲ ಶಾಲು ಹೊದ್ದ ಪೆಡ್ನೇಕರರತ್ತ ನೋಡಿ ಚಪ್ಪಾಳೆ ತಟ್ಟಿತು.