ಗೆಟ್ಸಲ್ ಬಾಯಿ ಮುಚ್ಚಿದ ದಿನ

ಬ್ರೂಕ್ಲಿನ್ನಿನ ಯಹೂದಿ ಬಡಾವಣೆ ಬೊರೋ ಪಾರ್ಕಿನ ಗೆಟ್ಸಲ್ ಊರಿಗೆಲ್ಲ ಟೋಪಿ ಹಾಕುತ್ತಿದ್ದ. ತಪ್ಪು ತಿಳಿಯಬೇಡಿ, ಅವನದು ಟೋಪಿ ಅಂಗಡಿ. ಹೊಸ ಕಪ್ಪು ಟೋಪಿ ಮಾರುವುದು, ಸೊಟ್ಟಗಾದ ಹಳೆಯದನ್ನು ಹಬೆಗೆ ಹಿಡಿದು ನೆಟ್ಟಗೆ ಮಾಡುವುದು ಅವನ ಕಸುಬು. ಟೋಪಿ ನೆಟ್ಟಗಾಗುವವರೆಗೆ ಗಿರಾಕಿ ಸುಮ್ಮನೆ ಕೂರಲಾದೀತೇ? ಯಾರ ಸಂಬಂಧ ಮುರಿಯಿತು, ಯಾರ ಅತ್ತೆ ಯಾರ ಮನೆಯಲ್ಲಿ ಮುಖ ಊದಿಸಿಕೊಂಡು ಕೂತಿದ್ದಾಳೆ ಎಂಬುದನ್ನೆಲ್ಲ ಗೆಟ್ಸಲ್ ಪುಕ್ಕಟೆಯಾಗಿ ಹೇಳಿ ಕಳಿಸುತ್ತಿದ್ದ.

ಆ ಗುರುವಾರ ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುತ್ತಿದ್ದಂತೆ ಮದುವೆ ದಲ್ಲಾಳಿ ಟೋಬಕ್ಕನ ಫೋನು ಬಂತು.

"ಬ್ರೈಂಡಲ್ ಒಪ್ಪಿದಾಳೆ ಕಣೋ. ಸಂಜೆ ಹೋಟೆಲಿಗೆ ಬರ್ತಾಳಂತೆ, ನಿನ್ನ ನೋಡೋಕೆ. ಆದ್ರೆ ಒಂದು ಷರತ್ತು."

"ಏನು ಬೇಕಾದ್ರೂ ಹೇಳಕ್ಕಾ!"

"ಇವತ್ತೊಂದು ದಿನ ನೀನು ಯಾರ ಬಗ್ಗೆಯೂ ಒಂದು ಮಾತೂ ಆಡಬಾರದು. ನಿನ್ನ ನಾಲಗೆ ನೆನೆಸಿಕೊಂಡರೇ ಅವಳಿಗೆ ಭಯವಂತೆ."

ಗೆಟ್ಸಲ್ ಹಾರಿ ಒಪ್ಪಿಕೊಂಡ. ಹೆಂಡತಿ ತೀರಿಕೊಂಡ ಮೇಲೆ ಶುಕ್ರವಾರ ರಾತ್ರಿಯ ಶಬ್ಬತ್ತಿನ ಹಬ್ಬದೂಟಕ್ಕೆ ಎದುರು ಕುರ್ಚಿಯಲ್ಲಿ ಯಾರೂ ಇರಲಿಲ್ಲ. ಗೋಡೆಗೇ ಊರ ಸುದ್ದಿ ಹೇಳಿ, ಗೋಡೆ 'ಹೌದಾ?' ಅನ್ನದೆ ಅವನಿಗೆ ಬೇಜಾರು ಹಿಡಿದಿತ್ತು. ಬ್ರೈಂಡಲ್ ಮೇಲೆ ಅವನಿಗೆ ನಿಜವಾಗಿಯೂ ಮನಸ್ಸಿತ್ತು.

ಬಾಯಿಗೆ ಬೀಗ ಹಾಕಿಕೊಂಡು ಕೂತ ಕೂಡಲೇ ಪಕ್ಕದ ಮನೆಯ ಗಿಟಲ್ ಗಂಡನ ಟೋಪಿ ಹಿಡಿದು ಬಂದಳು.

"ಗೆಟ್ಸಲಣ್ಣ, ನಾಳೆ ಶಬ್ಬತ್ತಿಗೆ ಹಲ್ಲಾ ಬ್ರೆಡ್ಡು ಬೆರಿಶ್ ಬೇಕರೀಲೇ ತಗೊಳ್ಳಲಾ?"

"ಅಮ್ಮಾ, ನಾನು ಬೆರಿಶ್ ವಿಚಾರ ಮಾತಾಡಲ್ಲ."

ಗಿಟಲ್ ಮುಖ ಸುಣ್ಣ ಬಳಿದಂತಾಯಿತು. "ಯಾಕೆ? ಏನಾಯ್ತು?"

"ಏನೂ ಆಗಿಲ್ಲ. ನಾನೇನೂ ಹೇಳಲ್ಲ, ಅಷ್ಟೇ."

ಗೆಟ್ಸಲ್ ಏನೂ ಹೇಳುವುದಿಲ್ಲವೆ? ಗಿಟಲ್ ಟೋಪಿಯನ್ನು ಅಲ್ಲೇ ಬಿಟ್ಟು ಓಡಿದಳು. ಅವಳು ಮೊದಲನೇ ತಿರುವು ದಾಟುವಷ್ಟರಲ್ಲಿ ಬೆರಿಶ್‌ನ ಹಿಟ್ಟಿನಲ್ಲಿ ಹುಳ ಕಾಣಿಸಿಕೊಂಡಿತು, ಎರಡನೇ ತಿರುವಿನಲ್ಲಿ ಅದು ಇಲಿಯಾಯಿತು. ಮಧ್ಯಾಹ್ನದ ಹೊತ್ತಿಗೆ ಬೆರಿಶ್ ಹಲ್ಲಾಕ್ಕೆ ಯಹೂದಿಗಳು ಮುಟ್ಟಲೂ ಬಾರದ ಹಂದಿ ಕೊಬ್ಬು ಸವರುತ್ತಾನೆಂದು ಬೀದಿಗೆ ಬೀದಿಯೇ ನಂಬಿತ್ತು.

ಬೆರಿಶ್ ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡೇ ಅಂಗಡಿಗೆ ನುಗ್ಗಿದ.

"ಏನೋ ಅಂದೆ ನನ್ನ ಬಗ್ಗೆ?"

"ಆಣೆ ಮಾಡಿ ಹೇಳ್ತೀನಿ, ಏನೂ ಅನ್ನಲಿಲ್ಲ!"

"ಅದಕ್ಕೇ ಕಣೋ ಹೊಟ್ಟೆ ಉರೀತಿರೋದು! ರಬ್ಬಿಗಳ ಮನೆ ಬೆಕ್ಕನ್ನೂ ಬಿಡದವನು ನೀನು. ನಿನ್ನ ಬಾಯಲ್ಲೂ ಬರಬಾರದಂಥ ಪಾಪ ಏನಪ್ಪಾ ಮಾಡಿದ್ದು ನಾನು? ಇದಕ್ಕಿಂತ ನಾಲ್ಕು ಬೈದಿದ್ರೆ ಬ್ರೆಡ್ಡಾದ್ರೂ ಖರ್ಚಾಗ್ತಿತ್ತು!"

ಬೆರಿಶ್‌ನ ಕಣ್ಣಲ್ಲಿ ನೀರಾಡಿತು. ಗೆಟ್ಸಲ್‌ಗೆ ತಡೆಯಲಾಗಲಿಲ್ಲ. ಷರತ್ತು ಚಾಡಿಗೆ ತಾನೆ, ಹೊಗಳಿಕೆಗಲ್ಲವಲ್ಲ ಎಂದು ತನಗೆ ತಾನೇ ತೀರ್ಪು ಕೊಟ್ಟುಕೊಂಡು ಬಾಗಿಲಲ್ಲಿ ನಿಂತು ಕೂಗಿದ: "ಕೇಳ್ರಪ್ಪಾ! ಬೆರಿಶ್ ಹಲ್ಲಾ ಅಂದ್ರೆ ಹಲ್ಲಾ! ಇಡೀ ಬ್ರೂಕ್ಲಿನ್ನಲ್ಲಿ ಅದಕ್ಕೆ ಸಮ ಇಲ್ಲ!"

ಎದುರಿಗೇ ದರ್ಜಿ ಶ್ಮೆರಿಲ್ ನಿಂತಿದ್ದ. ಅವನ ಭಾವನದೂ ಒಂದು ಬೇಕರಿ.

"ಓಹೋ! ಹಂಗಾದ್ರೆ ನಮ್ಮ ಭಾವ ಮಾಡೋದು ಇಟ್ಟಿಗೇನಾ? ಬೆರಿಶ್ ಬ್ರೆಡ್ಡಿನ ವಿಚಾರ ನಾನು ಹೇಳ್ಲಾ? ಒಳಗೆ ಹಸಿ, ಹೊರಗೆ ಕಪ್ಪು. ಅವನ ಹೆಂಡ್ತಿ..."

"ನನ್ನ ಹೆಂಡ್ತಿ ಸುದ್ದಿಗೆ ಬಂದ್ರೆ ನೋಡು!"

ಜನ ಸೇರಿತು, ಗಿಟಲ್ ಕೂಡ ಓಡಿ ಬಂದಳು. ಯಾರೋ ಶ್ಮೆರಿಲ್‌ನ ಪರ, ಯಾರೋ ಬೆರಿಶ್‌ನ ಪರ. ಗೆಟ್ಸಲ್ ನಡುವೆ ಸಿಕ್ಕಿ ಎರಡೂ ಕೈಯಲ್ಲಿ ತನ್ನ ಬಾಯನ್ನು ಅದುಮಿಕೊಂಡು ನಿಂತಿದ್ದ.

ಅಷ್ಟರಲ್ಲಿ ಬೀದಿಯವರ ಧರ್ಮಗುರುಗಳಾದ ರಬ್ಬಿಗಳು ಬಂದರು. ಗಲಾಟೆ ನಿಂತಿತು. ಬೆಳಗಿನಿಂದ ನಡೆದದ್ದನ್ನೆಲ್ಲ ಕೇಳಿಸಿಕೊಂಡು ಅವರು ಗಡ್ಡ ನೀವಿಕೊಂಡರು.

"ಅಲ್ಲಯ್ಯಾ ಗೆಟ್ಸಲ್, ಹಾಗೆ ಒಗಟಾಗಿ ಸುಮ್ಮನಾಗೋದೂ ಚಾಡಿಯ ತಮ್ಮನೇ. ಬೇರೆಯವರ ಮುಂದೆ ಅತಿಯಾಗಿ ಹೊಗಳೋದೂ ಅದೇ ವಂಶ. ಆದ್ರೂ ಈ ವಯಸ್ಸಲ್ಲಿ ನಾಲಗೆ ಹಿಡಿಯೋಕೆ ಹೊರಟೆಯಲ್ಲ, ಭೇಷ್! ನೀವೆಲ್ಲ ಇವನನ್ನ ನೋಡಿ ಕಲೀಬಾರದಾ?"

ಜನ ತಲೆ ತಗ್ಗಿಸಿತು. ಬೆರಿಶ್ ಶ್ಮೆರಿಲ್‌ನ ಕೈ ಹಿಡಿದುಕೊಂಡ. ಒಬ್ಬ "ಗೆಟ್ಸಲ್ ದೊಡ್ಡ ಮನುಷ್ಯ" ಅಂದ, ಇನ್ನೊಬ್ಬ "ಬಂಗಾರದಂಥವನು" ಅಂದ.

ಗೆಟ್ಸಲ್ ಉಬ್ಬಿ ಹೋದ. ಇಂಥ ಹೊತ್ತಿನಲ್ಲಿ ಸ್ವಲ್ಪ ವಿನಯವೂ ಇದ್ದರೆ ಶೋಭೆ ಅನ್ನಿಸಿತು ಪಾಪ. ಕೈಯೆತ್ತಿ ಗಂಭೀರವಾಗಿ ಹೇಳಿದ: "ಬೇಡ ಸ್ವಾಮಿ, ಬೇಡ! ಇವತ್ತೊಂದು ದಿನ ಯಾರ ಬಗ್ಗೆಯೂ ಮಾತು ಬೇಡ. ನನ್ನ ಬಗ್ಗೆಯಂತೂ ಒಳ್ಳೇದೂ ಬೇಡ, ಕೆಟ್ಟದ್ದೂ ಬೇಡ. ಮಾತು ಕೊಡಿ!"

ಎಲ್ಲರೂ ಮಾತು ಕೊಟ್ಟರು.

ಸಂಜೆ ಗೆಟ್ಸಲ್ ಅಂಗಡಿಯಲ್ಲಿದ್ದ ಅತ್ಯುತ್ತಮ ಟೋಪಿಯನ್ನು ತನಗೇ ಹಾಕಿಕೊಂಡು ಹೋಟೆಲಿಗೆ ಹೋದ. ಲಾಬಿಯ ಸೋಫಾದಲ್ಲಿ ಟೋಬಕ್ಕ ಒಬ್ಬಳೇ ಕೂತಿದ್ದಳು.

"ಬ್ರೈಂಡಲ್ ಎಲ್ಲಕ್ಕಾ?"

"ಬರಲ್ವಂತೆ."

"ಯಾಕೆ? ನಾನು ಯಾರನ್ನೂ ಆಡಿಕೊಳ್ಳಲಿಲ್ಲ!"

"ನೀನು ಆಡಿಕೊಳ್ಳಲಿಲ್ಲ, ಒಪ್ಪಿದೆ. ಆದ್ರೆ ಗಂಡು ನೋಡೋಕೆ ಮುಂಚೆ ನಾಲ್ಕು ಕಡೆ ವಿಚಾರಿಸೋದು ನಮ್ಮಲ್ಲಿ ಪದ್ಧತಿ ಅಲ್ವಾ? ಮಧ್ಯಾಹ್ನ ಊಟ ಆದ್ಮೇಲೆ ಫೋನು ಹಿಡಿದು ಕೂತಳು ಪಾಪ. ಬೆರಿಶ್‌ನ ಕೇಳಿದ್ರೆ, 'ಗೆಟ್ಸಲ್ ವಿಚಾರ ಮಾತ್ರ ಕೇಳಬೇಡಿ ತಾಯಿ' ಅಂದ. ಶ್ಮೆರಿಲ್‌ನ ಕೇಳಿದ್ರೆ, 'ಒಳ್ಳೇದೂ ಹೇಳಲ್ಲ, ಕೆಟ್ಟದ್ದೂ ಹೇಳಲ್ಲ' ಅಂತ ನಿಟ್ಟುಸಿರು ಬಿಟ್ಟ. ಗಿಟಲ್ ಹೆಸರು ಕೇಳ್ತಿದ್ದ ಹಾಗೇ ಫೋನಿಟ್ಟಳು. ರಬ್ಬಿಗಳು ಅಷ್ಟೊತ್ತಿಗೆ ಪರವೂರಿಗೆ ಹೊರಟುಹೋಗಿದ್ರು. ಅವರ ಹೆಂಡ್ತಿ, 'ಆ ಮನುಷ್ಯನ ಹೆಸರು ಇವತ್ತು ಎತ್ತೋ ಹಾಗಿಲ್ಲ' ಅಂದ್ರಂತೆ."

ಗೆಟ್ಸಲ್ ತಲೆಯ ಮೇಲಿನ ಟೋಪಿ ತೆಗೆದು ಪಕ್ಕಕ್ಕಿಟ್ಟ. ಟೋಬಕ್ಕ ಮುಂದುವರಿಸಿದಳು:

"ಅವಳು ಏನಂದಳು ಗೊತ್ತಾ? 'ಬಾಯಿಬಡುಕನ ಜೊತೆ ಹೇಗೋ ಬಾಳಬಹುದು ಅಕ್ಕಾ. ಆದ್ರೆ ಬೀದಿಗೆ ಬೀದಿಯೇ ಬಾಯಿ ಮುಚ್ಚಿಕೊಳ್ಳೋ ಅಂಥದ್ದು ಏನು ಮಾಡಿದಾನೋ ಪುಣ್ಯಾತ್ಮ!'"

"ನೀನಾದ್ರೂ ನನ್ನ ಪರವಾಗಿ ಎರಡು ಒಳ್ಳೇ ಮಾತು ಹೇಳಬಾರದಿತ್ತಾ?" ಎಂದು ಗೆಟ್ಸಲ್ ಗೋಳಾಡಿದ.

"ಹೇಳಿದೆ ಕಣಪ್ಪಾ," ಎಂದು ಟೋಬಕ್ಕ ಕೈಚೀಲ ಎತ್ತಿಕೊಂಡಳು, "ಬಾಯಿ ತುಂಬಾ ಹೊಗಳಿದೆ. ಇಷ್ಟು ಜನ ಸುಮ್ಮನಿರೋವಾಗ ನಾನೊಬ್ಬಳೇ ಹೊಗಳಿದೆ ನೋಡು, ಅವಾಗಲೇ ಅವಳಿಗೆ ಅನುಮಾನ ಗಟ್ಟಿ ಆಗಿದ್ದು."